ತಾಂಬರಂ ಬಿಸಿಲಿನಲ್ಲಿ ಹತ್ತು ನ್ಯಾನೊಸೆಕೆಂಡ್

ಚೆನ್ನೈಯಲ್ಲಿ ಮೇ ಮೊದಲ ವಾರದಿಂದ ತಿಂಗಳ ಕೊನೆಯವರೆಗಿನ ಬಿಸಿಲನ್ನು ಕತ್ತಿರಿ ವೆಯಿಲ್ ಎನ್ನುತ್ತಾರೆ. ಶಾಲೆಗಳಿಗೆ ರಜೆ. ನಗರದ ದಕ್ಷಿಣಕ್ಕಿರುವ ತಾಂಬರಂನ ಜಿಎಸ್‌ಟಿ ರಸ್ತೆಯಲ್ಲಿ ಮಧ್ಯಾಹ್ನದ ಹೊತ್ತು ನಡೆದು ಹೋಗುವವರು ಕಡಿಮೆ. ಮಕ್ಕಳು ಮನೆಯೊಳಗೆ ಫ್ಯಾನಿನ ಕೆಳಗೆ ಗೇಮ್ ಆಡುತ್ತ ಕೂತಿರುತ್ತಾರೆ. ಅಲ್ಲೇ ಹತ್ತಿರ ಸೇಲೈಯೂರಿನಲ್ಲಿರುವ ನನ್ನ ಅಕ್ಕನ ಮನೆಯಲ್ಲೂ ಅದೇ ಕಥೆ. ಅಕ್ಕನ ಮಗ ಹೊಸದಾಗಿ ಕಟ್ಟಿಸಿಕೊಂಡ ಕಂಪ್ಯೂಟರಿನ ಮುಂದೆ ಮುಖ ಗಂಟಿಕ್ಕಿಕೊಂಡು ಕೂತಿದ್ದ.

“ಮಾವ, ಎಫ್‌ಪಿಎಸ್ ಐವತ್ತರ ಮೇಲೇ ತೋರಿಸ್ತಿದೆ. ಆದ್ರೂ ಕಾರು ತಿರುಗಿಸಿದಾಗ ಒಂದು ಕ್ಷಣ ಹಿಡ್ಕೊಂಡುಬಿಡುತ್ತೆ. ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಬೇಕಾ?”

ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟ ನೋಡಿದೆವು. ಒಟ್ಟು 16 ಗಿಗಾಬೈಟ್, ವೇಗ 2133, ಎರಡು ಸ್ಲಾಟುಗಳಲ್ಲಿ ತುಂಬಿರುವುದು ಒಂದು. ಅವನು ಡ್ರಾಯರಿನಿಂದ ರ‍್ಯಾಮ್ ಸ್ಟಿಕ್ ಬಂದಿದ್ದ ಪ್ಲಾಸ್ಟಿಕ್ ಪೊಟ್ಟಣ ಹೊರತೆಗೆದ. ಅದರ ಮೇಲೆ ದಪ್ಪಕ್ಷರದಲ್ಲಿ 3200 ಎಂದಿತ್ತು.

“ಹಾಗಾದ್ರೆ ಅಂಗಡಿಯವರು ಮೋಸ ಮಾಡಿದ್ರಾ?”

ಮೋಸವೇನೂ ಇಲ್ಲ. 3200ರ ಸ್ಟಿಕ್ ಹಾಕಿ ಕಂಪ್ಯೂಟರು ಎದ್ದ ಕೂಡಲೇ ಓಡುವ ಬಯಾಸ್ ಎಂಬ ತಂತ್ರಾಂಶದಲ್ಲಿ ಏನನ್ನೂ ಮುಟ್ಟದೆ ಬಿಟ್ಟರೆ ಬಹಳಷ್ಟು ಕಂಪ್ಯೂಟರುಗಳು ಹೀಗೇ ಓಡುತ್ತವೆ. ಮಾಲೀಕನಿಗೆ ಗೊತ್ತೂ ಆಗುವುದಿಲ್ಲ. ಹಾಗೇಕೆ, ಆ ಸಂಖ್ಯೆಯನ್ನು ಏರಿಸಿದರೆ ಗೇಮಿಗೆ ಏನು ದಕ್ಕುತ್ತದೆ, ಏರಿಸುವಾಗ ನಾವು ಖರ್ಚು ಮಾಡುವುದು ಏನನ್ನು ಎಂಬುದೇ ಈ ಅಧ್ಯಾಯ. ಖರ್ಚಾಗುವುದು ದುಡ್ಡಲ್ಲ. ಅದು ಏನೆಂದು ತಿಳಿಯಲು ರ‍್ಯಾಮ್ ಚಿಪ್ಪಿನ ಒಳಗೆ ಇಳಿಯಬೇಕು, ಮತ್ತೆ ಹೊರಗೆ ಬಂದು ತಾಂಬರಂನ ಬಿಸಿಲಿಗೂ ನಿಲ್ಲಬೇಕು.

ಮೊದಲು ಗೇಮಿನ ಗಡಿಯಾರ. ಎಫ್‌ಪಿಎಸ್ ಎಂದರೆ ಒಂದು ಸೆಕೆಂಡಿನಲ್ಲಿ ಪರದೆಯ ಮೇಲೆ ಬರುವ ಚಿತ್ರಗಳ ಸಂಖ್ಯೆ. ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದರೆ ಒಂದೊಂದು ಚಿತ್ರಕ್ಕೆ ಸಿಗುವ ಅವಧಿ 16.7 ಮಿಲಿಸೆಕೆಂಡ್. 144 ಹರ್ಟ್ಸ್ ಮಾನಿಟರನ್ನು ತೃಪ್ತಿಪಡಿಸಬೇಕಾದರೆ ಬರೀ 6.9. ಅಷ್ಟರೊಳಗೆ ಪ್ರೊಸೆಸರು ರಸ್ತೆಯ ಮೇಲಿನ ಪ್ರತಿ ಕಾರು ಎಲ್ಲಿದೆ, ಯಾವುದು ಯಾವುದಕ್ಕೆ ತಾಗುತ್ತಿದೆ, ಪೊಲೀಸಿನವನು ಯಾವ ಕಡೆ ಓಡಬೇಕು ಎಂದೆಲ್ಲ ಲೆಕ್ಕ ಹಾಕಿ, ಏನೇನು ಬರೆಯಬೇಕೆಂಬ ಪಟ್ಟಿಯನ್ನು ಗ್ರಾಫಿಕ್ಸಿಗೆ ಒಪ್ಪಿಸಬೇಕು. ಲೆಕ್ಕ ಕಷ್ಟದ್ದಲ್ಲ. ಲೆಕ್ಕಕ್ಕೆ ಬೇಕಾದ ಅಂಕಿಗಳು ಕೈಗೆ ಬರುವುದೇ ತಡ.

ಅಕ್ಕನ ಮಗನ ಕಂಪ್ಯೂಟರಿನಲ್ಲಿರುವುದು ರೈಜನ್ 5 5600ಜಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಗೇಮ್ ಆಡುವವರ ಮನೆಗಳಲ್ಲಿ ಬಹಳ ಕಾಣುವ ಚಿಪ್. ಅದು ಗರಿಷ್ಠ 4.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ, ಅಂದರೆ ಒಂದು ನ್ಯಾನೊಸೆಕೆಂಡಿಗೆ ನಾಲ್ಕಕ್ಕಿಂತ ಹೆಚ್ಚು ಮಿಡಿತ. ಬೇಕಾದ ಅಂಕಿ ಪ್ರೊಸೆಸರಿನ ಒಳಗಿನ ಎಲ್1 ಕ್ಯಾಶೆಯಲ್ಲಿದ್ದರೆ ಒಂದು ನ್ಯಾನೊಸೆಕೆಂಡಿನಲ್ಲಿ ಕೈಸೇರುತ್ತದೆ. ಎಲ್3 ಕ್ಯಾಶೆಯಲ್ಲಿದ್ದರೆ ಹತ್ತರ ಆಸುಪಾಸು. ಅಲ್ಲೂ ಇಲ್ಲವೆಂದರೆ ಮದರ್‌ಬೋರ್ಡಿನ ಮೇಲಿನ ರ‍್ಯಾಮ್ ಸ್ಟಿಕ್ಕಿನವರೆಗೂ ಹೋಗಿ ಬರಬೇಕು. ಡಿಡಿಆರ್4 ಬಗೆಯ ಮೆಮೊರಿ ಇರುವ ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಆ ಪಯಣಕ್ಕೆ 70ರಿಂದ 90 ನ್ಯಾನೊಸೆಕೆಂಡ್ ಹಿಡಿಯುತ್ತದೆ. 80 ಎಂದೇ ಇಟ್ಟುಕೊಳ್ಳಿ: ಆ ಹೊತ್ತಿಗೆ ಪ್ರೊಸೆಸರ್ 350 ಸಲ ಮಿಡಿದಿರುತ್ತದೆ, ಹೆಚ್ಚು ಪಾಲು ಸುಮ್ಮನೆ.

ವಿಡಿಯೊ ನೋಡುವಾಗ, ಫೈಲು ಕಾಪಿ ಮಾಡುವಾಗ ಇದು ಅಷ್ಟಾಗಿ ಕಾಡುವುದಿಲ್ಲ. ಅಲ್ಲಿ ಅಂಕಿಗಳು ಸಾಲಾಗಿ ಬರುತ್ತವೆ. ಮುಂದೆ ಏನು ಬೇಕಾದೀತೆಂದು ಪ್ರೊಸೆಸರು ಊಹಿಸಿ ಮೊದಲೇ ತರಿಸಿಟ್ಟುಕೊಳ್ಳುತ್ತದೆ. ಗೇಮ್ ಹಾಗಲ್ಲ. ಕಾರಿನ ವಿವರ ಓದಿದರೆ ಅದರೊಳಗೆ ಚಾಲಕನ ವಿಳಾಸ. ಚಾಲಕನ ವಿವರ ಓದಿದರೆ ಅದರೊಳಗೆ ಅವನ ಬಂದೂಕಿನ ವಿಳಾಸ. ಮೊದಲನೆಯದು ಬಾರದೆ ಎರಡನೆಯದನ್ನು ಕೇಳಲಾಗದು. ಇಂಥ ಸರಪಳಿಗಳು ಒಂದೊಂದು ಚಿತ್ರದಲ್ಲೂ ಸಾವಿರಾರು. ಆಟಗಾರ ಕಾರನ್ನು ಥಟ್ಟನೆ ತಿರುಗಿಸಿದಾಗ ಹೊಸ ಬೀದಿ, ಹೊಸ ಜನ, ಹೊಸ ಗೋಡೆ ಎಲ್ಲ ಒಟ್ಟಿಗೆ ಬೇಕಾಗುತ್ತವೆ. ಕ್ಯಾಶೆಯಲ್ಲಿ ಅವು ಇರುವುದಿಲ್ಲ. ಆ ಒಂದು ಚಿತ್ರ 17ರ ಬದಲು 45 ಮಿಲಿಸೆಕೆಂಡ್ ತೆಗೆದುಕೊಂಡರೂ ಸೆಕೆಂಡಿನ ಸರಾಸರಿ ಹೆಚ್ಚೇನೂ ಕುಸಿಯದು, ಆದರೆ ಕಣ್ಣು ಹಿಡಿದುಬಿಡುತ್ತದೆ. ಗೇಮಿಂಗ್ ಪರೀಕ್ಷೆ ಮಾಡುವವರು ಸರಾಸರಿ ಎಫ್‌ಪಿಎಸ್ ಜೊತೆಗೆ ಅತಿ ನಿಧಾನದ ಶೇಕಡಾ ಒಂದು ಚಿತ್ರಗಳ ವೇಗವನ್ನೂ ಬರೆಯುವುದು ಇದಕ್ಕೇ. ರ‍್ಯಾಮ್ ಸೆಟ್ಟಿಂಗಿನ ಪರಿಣಾಮ ಎದ್ದು ಕಾಣುವುದು ಸಾಮಾನ್ಯವಾಗಿ ಈ ಎರಡನೆಯ ಅಂಕಿಯಲ್ಲಿ.

ಈಗ ಚಿಪ್ಪಿನ ಒಳಕ್ಕೆ. ಐಬಿಎಂನ ರಾಬರ್ಟ್ ಡೆನಾರ್ಡ್‌ಗೆ 1966ರಲ್ಲಿ ಹೊಳೆದ, 1968ರಲ್ಲಿ ಪೇಟೆಂಟ್ ಪಡೆದ ಒಂದು ಉಪಾಯದ ಮೇಲೆ ಇಂದಿಗೂ ಜಗತ್ತಿನ ಎಲ್ಲ ಮುಖ್ಯ ಮೆಮೊರಿ ನಿಂತಿದೆ. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರು, ಒಂದು ಪುಟ್ಟ ಕೆಪಾಸಿಟರು, ಅಷ್ಟೆ. ಕೆಪಾಸಿಟರಿನಲ್ಲಿ ವಿದ್ಯುದಂಶ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಇಂಟೆಲ್ 1970ರಲ್ಲಿ ಮಾರಿದ 1103 ಎಂಬ ಚಿಪ್ಪಿನಲ್ಲಿ 1024 ಬಿಟ್ ಇದ್ದವು. ಇವತ್ತು ಉಗುರಿನಷ್ಟು ಅಗಲದ ಚಿಪ್ಪಿನಲ್ಲಿ 1600 ಕೋಟಿಗೂ ಹೆಚ್ಚು ಬಿಟ್ ಕೂರುತ್ತವೆ. ಅಷ್ಟು ಒತ್ತೊತ್ತಾಗಿ ಕೂರಿಸಿದ ಮೇಲೆ ಒಂದೊಂದು ಕೆಪಾಸಿಟರಿನ ಪಾಲಿಗೆ ಬರುವುದು ಹತ್ತಾರು ಸಾವಿರ ಎಲೆಕ್ಟ್ರಾನು. ಎಲೆಕ್ಟ್ರಾನಿನ ಲೆಕ್ಕದಲ್ಲಿ ಇದು ಚಿಲ್ಲರೆ.

ಆ ಚಿಲ್ಲರೆಯೂ ನಿಲ್ಲುವುದಿಲ್ಲ, ಸೋರುತ್ತಲೇ ಇರುತ್ತದೆ. ಆದ್ದರಿಂದ ಪ್ರತಿ ಕೋಶವನ್ನೂ 64 ಮಿಲಿಸೆಕೆಂಡಿಗೆ ಒಮ್ಮೆ ಓದಿ ಮತ್ತೆ ತುಂಬಬೇಕೆಂಬುದು ಡಿಡಿಆರ್4ರ ನಿಯಮ. ಎಲ್ಲವನ್ನೂ ಒಟ್ಟಿಗೆ ತುಂಬಲಾಗದ ಕಾರಣ ಕೆಲಸವನ್ನು 8192 ಕಂತುಗಳಾಗಿ ಹಂಚಿ, 7.8 ಮೈಕ್ರೊಸೆಕೆಂಡಿಗೊಂದು ರಿಫ್ರೆಶ್ ಆದೇಶ ಹೋಗುತ್ತದೆ. 8 ಗಿಗಾಬಿಟ್ಟಿನ ಚಿಪ್ಪಿನಲ್ಲಿ ಆ ಆದೇಶ ಮುಗಿಯಲು 350 ನ್ಯಾನೊಸೆಕೆಂಡ್ ಬೇಕು. ಅಷ್ಟು ಹೊತ್ತು ಆ ಮೆಮೊರಿ ಗಿರಾಕಿಗೆ ಬಾಗಿಲು ಮುಚ್ಚಿದಂತೆಯೇ. ಭಾಗಿಸಿ ನೋಡಿ, ಒಟ್ಟು ಸಮಯದ ಶೇಕಡಾ ನಾಲ್ಕೂವರೆ ಬರೀ ನೆನಪನ್ನು ನೆನಪಾಗಿ ಉಳಿಸಿಕೊಳ್ಳುವುದಕ್ಕೇ ಹೋಗುತ್ತದೆ.

ಓದುವುದೂ ಸಲೀಸಲ್ಲ. ಮೊದಲು ಬೇಕಾದ ಸಾಲನ್ನು ತೆರೆಯಬೇಕು. ಆಗ ಸಾವಿರಾರು ಕೆಪಾಸಿಟರುಗಳು ತಮ್ಮ ಅಲ್ಪಸ್ವಲ್ಪ ವಿದ್ಯುದಂಶವನ್ನು ಉದ್ದನೆಯ ತಂತಿಗಳಿಗೆ ಸುರಿಯುತ್ತವೆ, ತಂತಿಯ ವೋಲ್ಟೇಜು ಕೂದಲೆಳೆಯಷ್ಟು ಅಲ್ಲಾಡುತ್ತದೆ, ಸೆನ್ಸ್ ಆಂಪ್ಲಿಫೈಯರು ಆ ಅಲುಗಾಟ ಮೇಲಕ್ಕೋ ಕೆಳಕ್ಕೋ ಎಂದು ತೀರ್ಮಾನಿಸುತ್ತದೆ. ಓದಿದ ಕೂಡಲೇ ಕೋಶ ಖಾಲಿ. ಅದನ್ನು ಮತ್ತೆ ತುಂಬಬೇಕು. ಆಮೇಲೆ ಬೇಕಾದ ಕಂಬವನ್ನು ಆರಿಸಿ ಅಂಕಿ ಕಳಿಸಬೇಕು. ಬೇರೆ ಸಾಲು ಬೇಕಾದರೆ ಈ ಸಾಲನ್ನು ಮುಚ್ಚಿ ತಂತಿಗಳನ್ನು ಮತ್ತೆ ಮೊದಲಿನ ಸ್ಥಿತಿಗೆ ತರಬೇಕು. ಸ್ಟಿಕ್ಕಿನ ಮೇಲೆ 16-18-18-38 ಎಂದು ಅಂಟಿಸಿರುವ ಚೀಟಿಯಲ್ಲಿರುವುದು ಈ ಕೆಲಸಗಳ ಅವಧಿಯೇ: ಕಂಬ ಆರಿಸುವುದಕ್ಕೆ 16 ಮಿಡಿತ (ಇದನ್ನೇ ಸಿಎಲ್ ಎನ್ನುತ್ತಾರೆ), ಸಾಲು ತೆರೆಯುವುದಕ್ಕೆ 18, ಮುಚ್ಚುವುದಕ್ಕೆ 18, ತೆರೆದ ಸಾಲನ್ನು ಕನಿಷ್ಠ 38 ಮಿಡಿತ ತೆರೆದೇ ಇಡಬೇಕು.

ಇಲ್ಲೊಂದು ಲೆಕ್ಕ ಮಾಡಿದರೆ ಜಾಹೀರಾತಿನ ಅರ್ಧ ಹೊಳಪು ಇಳಿದುಹೋಗುತ್ತದೆ. ಡಿಡಿಆರ್ ಮೆಮೊರಿ ಒಂದು ಮಿಡಿತಕ್ಕೆ ಎರಡು ಸಲ ಅಂಕಿ ಕಳಿಸುವುದರಿಂದ 3200 ಎಂಬ ಸ್ಟಿಕ್ಕಿನ ನಿಜವಾದ ಗಡಿಯಾರ 1600 ಮೆಗಾಹರ್ಟ್ಸ್. 16 ಮಿಡಿತವೆಂದರೆ ಸರಿಯಾಗಿ 10 ನ್ಯಾನೊಸೆಕೆಂಡ್. ಅದರ ಸುಮಾರು ಎರಡರಷ್ಟು ವೇಗವೆಂದು ಮಾರುವ ಡಿಡಿಆರ್5-6000, ಸಿಎಲ್ 30ರ ಸ್ಟಿಕ್ಕನ್ನು ತೆಗೆದುಕೊಳ್ಳಿ: 3000 ಮೆಗಾಹರ್ಟ್ಸಿನಲ್ಲಿ 30 ಮಿಡಿತ, ಮತ್ತೆ 10 ನ್ಯಾನೊಸೆಕೆಂಡ್. ಹಿಂದಕ್ಕೆ ಹೋಗಿ, 2003ರ ಕಾಲದ ಡಿಡಿಆರ್-400, ಸಿಎಲ್ 2: 200 ಮೆಗಾಹರ್ಟ್ಸಿನಲ್ಲಿ 2 ಮಿಡಿತ. ಅದೂ 10 ನ್ಯಾನೊಸೆಕೆಂಡೇ. ಇಪ್ಪತ್ತು ವರ್ಷದಲ್ಲಿ ಸಂಖ್ಯೆ ಹದಿನೈದು ಪಟ್ಟು ಏರಿತು, ಮೊದಲ ಅಂಕಿಗಾಗಿ ಕಾಯುವ ಹೊತ್ತು ಅಲ್ಲೇ ನಿಂತಿತು. ಕಾರಣ ಮೇಲೆ ಹೇಳಿದ್ದೇ: ಅಲ್ಪ ವಿದ್ಯುದಂಶ ಉದ್ದ ತಂತಿಯನ್ನು ಅಲುಗಿಸುವುದಕ್ಕೆ ಹಿಡಿಯುವ ಹೊತ್ತನ್ನು ಯಾರೂ ಹೆಚ್ಚು ಇಳಿಸಲಾಗಿಲ್ಲ. ಎಂಜಿನಿಯರುಗಳು ಮಾಡಿದ್ದೇನೆಂದರೆ ಒಂದು ಸಲ ಬಾಗಿಲು ತೆರೆದಾಗ ಹೆಚ್ಚು ಹೆಚ್ಚು ಅಂಕಿಗಳನ್ನು ಹೊರಗೆ ತಂದದ್ದು.

ತಾಂಬರಂನಿಂದ ಚೆನ್ನೈ ಬೀಚ್ ನಿಲ್ದಾಣಕ್ಕೆ 1931ರಿಂದ ವಿದ್ಯುತ್ ರೈಲು ಓಡುತ್ತಿದೆ. ಬೋಗಿಗಳನ್ನು ಹೆಚ್ಚಿಸಿದರೆ ಒಂದೇ ಸಲ ಹೆಚ್ಚು ಜನ ಹೋದಾರು. ದಾರಿಯಲ್ಲಿ ಎಗ್ಮೋರಿನಲ್ಲಿ ಇಳಿಯಬೇಕಾದ ಒಬ್ಬನಿಗೆ ಮಾತ್ರ ಹಿಡಿಯುವ ಹೊತ್ತು ಅಷ್ಟೇ. ರ‍್ಯಾಮ್ ಕೊಳ್ಳುವವರು ನೋಡುವ ದೊಡ್ಡ ಸಂಖ್ಯೆ ಬೋಗಿಗಳದ್ದು. ಗೇಮಿನ ಸರಪಳಿ ಕಾಯುವುದು ಆ ಒಬ್ಬನಿಗಾಗಿ. ಆದರೆ ಬೋಗಿಗೂ ಬೆಲೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಸರಿ, 3200ರ ಸ್ಟಿಕ್ 2133ರಲ್ಲಿ ಓಡುತ್ತಿದ್ದುದೇಕೆ? ಪ್ರತಿ ಸ್ಟಿಕ್ಕಿನ ಮೇಲೂ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇದೆ. ಕಂಪ್ಯೂಟರು ಎದ್ದ ಕೂಡಲೇ ಬಯಾಸ್ ಅದನ್ನು ಓದಿ, ‘ನಿನ್ನನ್ನು ಹೇಗೆ ನಡೆಸಬೇಕು’ ಎಂದು ತಿಳಿದುಕೊಳ್ಳುತ್ತದೆ. ಅದರಲ್ಲಿ ಮೊದಲು ಬರೆದಿರುವುದು ಚಿಪ್ ಉದ್ಯಮದ ಮಾನಕ ಸಂಸ್ಥೆಯಾದ ಜೆಡೆಕ್ ಒಪ್ಪಿದ ಅಂಕಿಗಳು: 1.2 ವೋಲ್ಟು, 2133, ಸಿಎಲ್ 15. ಅಲ್ಲಿನ ಕಾಯುವ ಹೊತ್ತು 14 ನ್ಯಾನೊಸೆಕೆಂಡ್. ಯಾವ ಮದರ್‌ಬೋರ್ಡಿನಲ್ಲಾದರೂ, ಯಾವ ಊರಿನಲ್ಲಾದರೂ ಇದು ನಡೆದೇ ನಡೆಯುತ್ತದೆ. ಅದೇ ಚಿಪ್ಪಿನ ಇನ್ನೊಂದು ಪುಟದಲ್ಲಿ ಸ್ಟಿಕ್ ಮಾಡಿದವರ ಸ್ವಂತ ವಾಗ್ದಾನ ಇರುತ್ತದೆ: 1.35 ವೋಲ್ಟು ಕೊಡಿ, 3200, ಸಿಎಲ್ 16 ಕೊಡುತ್ತೇನೆ. ಈ ಎರಡನೇ ಪುಟವೇ ಎಕ್ಸ್‌ಎಂಪಿ. ಇಂಟೆಲ್ 2007ರಲ್ಲಿ ತಂದದ್ದು; ಎಎಂಡಿ 2022ರಲ್ಲಿ ಡಿಡಿಆರ್5ಗಾಗಿ ಎಕ್ಸ್‌ಪೋ ಎಂದು ತನ್ನದನ್ನು ತಂದಿತು. ಬೋರ್ಡಿನ ಕಂಪನಿ ಯಾವುದೆಂಬುದರ ಮೇಲೆ ಬಯಾಸಿನಲ್ಲಿ ಡಿಒಸಿಪಿ ಎಂದೋ ಎ-ಎಕ್ಸ್‌ಎಂಪಿ ಎಂದೋ ಕಾಣಬಹುದು. ಕೆಲಸ ಒಂದೇ, ಎರಡನೇ ಪುಟ ಓದು ಎಂದು ಹೇಳುವುದು. ಯಾರಾದರೂ ಹೇಳದೆ ಬಯಾಸ್ ಆ ಪುಟ ತಿರುವುವುದಿಲ್ಲ.

ಬಯಾಸಿಗೆ ಹೋಗಿ ಅದನ್ನು ಆರಿಸಿ ಸೇವ್ ಮಾಡಿದಾಗ ಪರದೆ ಕಪ್ಪಾಗಿ ಒಂದಷ್ಟು ಹೊತ್ತು ಏನೂ ಆಗುವುದಿಲ್ಲ. ಹೆದರಬೇಕಿಲ್ಲ. ಬೋರ್ಡು ಹೊಸ ವೇಗಕ್ಕೆ ತಂತಿಗಳ ಸಂಕೇತವನ್ನು ಸರಿಹೊಂದಿಸಿಕೊಳ್ಳುತ್ತಿರುತ್ತದೆ. ಆಗದಿದ್ದರೆ ಕೆಲವು ಸಲ ತಾನೇ ಎದ್ದು ಬಿದ್ದು ಹಳೆಯ ಅಂಕಿಗೆ ಮರಳುತ್ತದೆ. ಅದೂ ಆಗದಿದ್ದರೆ ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿಯನ್ನು ಸ್ವಲ್ಪ ಹೊತ್ತು ತೆಗೆದು ಮತ್ತೆ ಹಾಕಿದರಾಯಿತು. ಎಲ್ಲ 3200 ಸ್ಟಿಕ್ಕುಗಳಿಗೂ ಈ ಉಪಚಾರ ಬೇಕಿಲ್ಲ ಎಂಬುದನ್ನೂ ಹೇಳಿಬಿಡಬೇಕು. 1.2 ವೋಲ್ಟಿನಲ್ಲೇ 3200, ಸಿಎಲ್ 22 ಕೊಡುವವೂ ಇವೆ. ಅವು ಹಾಕಿದ ಕೂಡಲೇ ಆ ವೇಗಕ್ಕೆ ಬರುತ್ತವೆ, ಆದರೆ ಕಾಯುವ ಹೊತ್ತು 13.75 ನ್ಯಾನೊಸೆಕೆಂಡ್. ಪೊಟ್ಟಣದ ಮೇಲಿನ ದೊಡ್ಡ ಸಂಖ್ಯೆ ಎರಡರಲ್ಲೂ ಒಂದೇ.

ಹೆಚ್ಚಿದಷ್ಟೂ ಒಳ್ಳೆಯದೇ? ಅಲ್ಲ. ರೈಜನ್ 3000, 5000 ಸಾಲಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಮೆಮೊರಿಯ ಗಡಿಯಾರವೂ ಚಿಪ್ಪಿನೊಳಗಿನ ಇನ್ಫಿನಿಟಿ ಫ್ಯಾಬ್ರಿಕ್ ಎಂಬ ಸಂಪರ್ಕದ ಗಡಿಯಾರವೂ ಒಂದೇ ತಾಳದಲ್ಲಿದ್ದರೆ ಚೆನ್ನ. 3600ರ ಸುಮಾರಿನವರೆಗೆ ಆ ತಾಳ ಉಳಿಯುತ್ತದೆ. ಅದನ್ನು ಮೀರಿಸಿ ತಾಳ ತಪ್ಪಿಸಿದರೆ ಅಂಕಿ ಒಂದು ಕಡೆಯಿಂದ ಇನ್ನೊಂದಕ್ಕೆ ದಾಟುವಾಗ ಹೆಚ್ಚು ಕಾಯಬೇಕಾಗುತ್ತದೆ. ದುಬಾರಿ ಸ್ಟಿಕ್ ತಂದು ಆಟ ನಿಧಾನವಾಯಿತೆಂದು ಗೊಣಗುವವರ ಕಥೆಯ ಹಿಂದೆ ಹಲವು ಸಲ ಇದೇ ಇರುತ್ತದೆ.

ಈಗ ಬೋಗಿಗಳ ಮಾತು. ಸೇಲೈಯೂರಿನ ಆ ಕಂಪ್ಯೂಟರಿನಲ್ಲಿ ಎಕ್ಸ್‌ಎಂಪಿಗಿಂತ ದೊಡ್ಡ ಕೊರತೆ ಖಾಲಿ ಬಿದ್ದಿದ್ದ ಆ ಎರಡನೇ ಸ್ಲಾಟು. ಒಂದು ಸ್ಟಿಕ್ ಒಂದು ಸಲಕ್ಕೆ 8 ಬೈಟ್ ಸಾಗಿಸುತ್ತದೆ. 2133ರಲ್ಲಿ ಅದು ಸೆಕೆಂಡಿಗೆ 17 ಗಿಗಾಬೈಟ್. ಅದೇ 16 ಗಿಗಾಬೈಟನ್ನು ಎಂಟರ ಎರಡು ಸ್ಟಿಕ್ಕಾಗಿ ಎರಡು ಚಾನೆಲ್ಲಿಗೆ ಹಾಕಿ, 3200ರಲ್ಲಿ ಓಡಿಸಿದರೆ 51.2 ಗಿಗಾಬೈಟ್, ಮೂರು ಪಟ್ಟು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಇದರಿಂದ ಅಲ್ಪಸ್ವಲ್ಪ ಲಾಭ. ಇಲ್ಲದವರಿಗೆ ಇದೇ ಪ್ರಾಣ. 5600ಜಿಯಂಥ ಚಿಪ್ಪಿನೊಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ. ಪರದೆಯ ಒಂದೊಂದು ಚುಕ್ಕೆಗೂ ಬೇಕಾದ ಬಣ್ಣ, ಗೋಡೆಯ ಮೇಲಿನ ಚಿತ್ರ, ನೆರಳು ಎಲ್ಲವನ್ನೂ ಅದು ಪ್ರೊಸೆಸರು ಬಳಸುವ ಅದೇ ರ‍್ಯಾಮಿನಿಂದ, ಅದೇ ದಾರಿಯಲ್ಲಿ ತರಿಸಿಕೊಳ್ಳಬೇಕು. ಹೋಲಿಕೆಗೆ, ಈಗ ಹಳತೆನಿಸುವ ಜಿಟಿಎಕ್ಸ್ 1650 ಕಾರ್ಡಿಗೂ ತನ್ನದೇ ಆದ 128 ಗಿಗಾಬೈಟ್ ದಾರಿ ಇತ್ತು. ಸೆಕೆಂಡಿಗೆ 17 ಗಿಗಾಬೈಟಿನಲ್ಲಿ ಇಬ್ಬರೂ ಹಂಚಿಕೊಂಡು ಬದುಕುತ್ತಿದ್ದಾಗ ಕಾರು ತಿರುವಿನಲ್ಲಿ ಹಿಡಿದುಕೊಳ್ಳುವುದರಲ್ಲಿ ಏನಾಶ್ಚರ್ಯ?

ಕಂಪ್ಯೂಟರ್ ಕಟ್ಟಿಸಿಕೊಳ್ಳುವಾಗ ‘ಈಗ ಒಂದೇ ಸ್ಟಿಕ್ ಹಾಕಿಸಿ, ಮುಂದೆ ಇನ್ನೊಂದು ಸೇರಿಸಿಕೊಳ್ಳೋಣ’ ಎನ್ನುವುದು ನಮ್ಮಲ್ಲಿ ರೂಢಿಯ ಬುದ್ಧಿವಂತಿಕೆ. ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಅದು ಒಪ್ಪಬಹುದಾದ ಮಾತು. ಇಲ್ಲದವರಿಗೆ ತಪ್ಪು ಸಲಹೆ, ಅಂಗಡಿಯಲ್ಲಿ ಅದನ್ನು ಬಿಡಿಸಿ ಹೇಳುವವರು ಕಡಿಮೆ. ನಾಲ್ಕು ಸ್ಲಾಟಿನ ಬೋರ್ಡಾದರೆ ಪ್ರೊಸೆಸರಿನಿಂದ ಲೆಕ್ಕ ಹಾಕಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟು ಸಾಮಾನ್ಯವಾಗಿ ಸರಿಯಾದ ಜೋಡಿ. ಅಕ್ಕಪಕ್ಕ ಹಾಕಿದರೆ ಎರಡೂ ಒಂದೇ ಚಾನೆಲ್ಲಿನಲ್ಲಿ ಕೂತು ದಾರಿ ಅಗಲವಾಗುವುದೇ ಇಲ್ಲ.

ಮೆಮೊರಿಯ ಹೆಸರಿನಲ್ಲಿ ಗೇಮಿಗರು ಹಿಂದೆಯೂ ಸಾಕಷ್ಟು ಬೆವರು ಸುರಿಸಿದ್ದಾರೆ. 1981ರ ಐಬಿಎಂ ಪಿಸಿಯ ಪ್ರೊಸೆಸರಿಗೆ ಒಂದು ಮೆಗಾಬೈಟ್ ಮಾತ್ರ ಕಾಣುತ್ತಿತ್ತು. ಅದರಲ್ಲಿ 640 ಕಿಲೊಬೈಟು ಪ್ರೋಗ್ರಾಮುಗಳಿಗೆ, ಉಳಿದದ್ದು ಯಂತ್ರಕ್ಕೆ. ತೊಂಬತ್ತರ ದಶಕದಲ್ಲಿ ನಾಲ್ಕು ಮೆಗಾಬೈಟಿನ ಯಂತ್ರ ಇಟ್ಟುಕೊಂಡೂ ಆ 640ರಲ್ಲಿ ಜಾಗ ಸಾಲದೆ, ಕಾನ್ಫಿಗ್ ಡಾಟ್ ಸಿಸ್ ಎಂಬ ಫೈಲನ್ನು ತಿದ್ದಿ ಮೌಸಿನ ಡ್ರೈವರನ್ನು ಅತ್ತ, ಸಿಡಿಯದನ್ನು ಇತ್ತ ಸರಿಸಿ, ಒಂದೊಂದು ಆಟಕ್ಕೆ ಒಂದೊಂದು ಬೂಟ್ ಫ್ಲಾಪಿ ಮಾಡಿಟ್ಟುಕೊಳ್ಳುತ್ತಿದ್ದರು. 1993ರ ಡೂಮ್ 640ರಾಚೆಯ ಮೆಮೊರಿಯನ್ನೂ ಬಳಸಲು ಬಿಡುವ ವಿಸ್ತಾರಕವನ್ನು ಜೊತೆಗೇ ಹೊತ್ತು ತಂದು ಈ ಗೋಡೆಯನ್ನು ಹಾರಿತು. ವಿಂಡೋಸ್ 95ರ ನಂತರ ಗೋಡೆಯೇ ಮರೆಯಾಯಿತು. ಅದೇ 1995ರಲ್ಲಿ ಸಾಫ್ಟ್‌ರ‍್ಯಾಮ್ 95 ಎಂಬ ತಂತ್ರಾಂಶ, ಇರುವ ರ‍್ಯಾಮನ್ನು ಇಮ್ಮಡಿ ಮಾಡುತ್ತೇನೆಂದು ಹೇಳಿಕೊಂಡು ಅಮೆರಿಕದಲ್ಲಿ ಲಕ್ಷಗಟ್ಟಲೆ ಮಾರಾಟವಾಯಿತು. ತೆರೆದು ನೋಡಿದರೆ ಏನೂ ಮಾಡುತ್ತಿರಲಿಲ್ಲ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮಧ್ಯೆ ಬರಬೇಕಾಯಿತು. ಇವತ್ತು ‘ರ‍್ಯಾಮ್ ಕ್ಲೀನರ್’, ‘ಗೇಮ್ ಬೂಸ್ಟರ್’ ಎಂದು ಓಡಾಡುವವು ಅಷ್ಟು ದೊಡ್ಡ ಸುಳ್ಳಲ್ಲದಿದ್ದರೂ ಅದೇ ವಂಶದವು. ಖಾಲಿಯಿರುವ ರ‍್ಯಾಮನ್ನು ವಿಂಡೋಸ್ ಬೇಕಾದೀತೆಂದು ಫೈಲುಗಳಿಂದ ತುಂಬಿಟ್ಟಿರುತ್ತದೆ, ಕೇಳಿದ ತಕ್ಷಣ ಬಿಟ್ಟುಕೊಡುತ್ತದೆ. ಅದನ್ನು ಬಲವಂತವಾಗಿ ಖಾಲಿ ಮಾಡಿಸಿದರೆ ಗೇಮ್ ಅವೇ ಫೈಲುಗಳನ್ನು ಮತ್ತೆ ಡಿಸ್ಕಿನಿಂದ ಎಳೆಯಬೇಕಾಗುತ್ತದೆ. ಜಾಗ ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಪೇಜ್‌ಫೈಲನ್ನು ನಿಲ್ಲಿಸಿಬಿಡಿ ಎಂಬ ಸಲಹೆಯೂ ಹಾಗೇ: ವೇಗ ಬರುವುದಿಲ್ಲ, ಜಾಗ ಮುಗಿದಾಗ ಆಟ ಹೇಳದೆ ಕೇಳದೆ ಮುಚ್ಚಿಕೊಳ್ಳುತ್ತದೆ.

ಇನ್ನು ಬಿಸಿಲು. ತಾಪ ಏರಿದಷ್ಟೂ ಕೆಪಾಸಿಟರಿನ ಸೋರಿಕೆ ಹೆಚ್ಚುತ್ತದೆ. ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು, ಬೇರೆ ಉದ್ದೇಶಕ್ಕೆ. ಧೂಳು ಊದುವ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ರ‍್ಯಾಮ್ ಚಿಪ್ಪುಗಳ ಮೇಲೆ ಸಿಂಪಡಿಸಿ ಮೈನಸ್ 50 ಡಿಗ್ರಿಗೆ ಇಳಿಸಿದರು, ಕರೆಂಟ್ ತೆಗೆದರು. ಹತ್ತು ನಿಮಿಷದ ಮೇಲೆ ನೋಡಿದರೆ ಅಳಿದುಹೋದ ಬಿಟ್‌ಗಳು ಶೇಕಡಾ ಒಂದಕ್ಕಿಂತ ಕಡಿಮೆ. ಕಂಪ್ಯೂಟರ್ ಆರಿಸಿದರೆ ಗುಪ್ತ ಕೀಲಿಗಳು ಅಳಿದುಹೋಗುತ್ತವೆಂಬ ನಂಬಿಕೆಯನ್ನು ಅವರು ಮುರಿಯಬೇಕಿತ್ತು, ಮುರಿದರು. ನಮಗೆ ಬೇಕಾದದ್ದು ಇದರ ಇನ್ನೊಂದು ಬದಿ: ಬಿಸಿಯಾದಷ್ಟೂ ಮರೆವು. ಚಿಪ್ಪು 85 ಡಿಗ್ರಿ ದಾಟಿದರೆ ರಿಫ್ರೆಶ್ ಅವಧಿಯನ್ನು ಅರ್ಧಕ್ಕೆ, 32 ಮಿಲಿಸೆಕೆಂಡಿಗೆ ಇಳಿಸಬೇಕೆಂದು ಡಿಡಿಆರ್4ರ ನಿಯಮವೇ ಹೇಳುತ್ತದೆ. ಡಿಡಿಆರ್5ರಲ್ಲಿ 32 ಎಂಬುದೇ ಸಾಮಾನ್ಯ ಅವಧಿ.

ಹಾಗಾದರೆ ಕಾರ್ಖಾನೆಯ ಅಂಕಿಗಳು ಯಾರಿಗಾಗಿ ಬರೆದವು? ಅತಿ ದುರ್ಬಲ ಕೋಶಕ್ಕಾಗಿ, ಅದೂ 85 ಡಿಗ್ರಿಯಲ್ಲಿ. ಕೋಟ್ಯಂತರ ಕೋಶಗಳಲ್ಲಿ ಬೆರಳೆಣಿಕೆಯಷ್ಟು ಬೇಗ ಸೋರುತ್ತವೆ. ಅವುಗಳಿಗಾಗಿ ಉಳಿದೆಲ್ಲವೂ ನಿಧಾನಿಸುತ್ತವೆ. ಓನೂರ್ ಮುತ್ಲು ಮತ್ತವರ ಸಂಗಡಿಗರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಈ ಉಳಿಕೆ ಎಷ್ಟೆಂದು ಅಳೆದರು. 2015ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ 115 ಡಿಡಿಆರ್3 ಸ್ಟಿಕ್ಕುಗಳನ್ನು 55 ಡಿಗ್ರಿಯಲ್ಲಿಟ್ಟು ನಾಲ್ಕು ಮುಖ್ಯ ಅವಧಿಗಳನ್ನು ಕತ್ತರಿಸುತ್ತ ಹೋದರು. ಒಂದೂ ತಪ್ಪಿಲ್ಲದೆ ಇಳಿಸಬಹುದಾಗಿದ್ದು ಅವಧಿಯನ್ನು ನೋಡಿಕೊಂಡು ಶೇಕಡಾ 17ರಿಂದ 55ರವರೆಗೆ. ಎಕ್ಸ್‌ಎಂಪಿ ಆರಿಸುವವನೂ, ಅದನ್ನೂ ಮೀರಿ ಅಂಕಿಗಳನ್ನು ಕೈಯಾರೆ ಬಿಗಿ ಮಾಡುವವನೂ ಕೈಹಾಕುವುದು ಈ ಗಂಟಿಗೇ. ಅದನ್ನು ಬಿಸಿಗೆಂದು ಕಟ್ಟಿಟ್ಟಿದ್ದರು. ಅವನು ವೇಗಕ್ಕೆ ಖರ್ಚು ಮಾಡುತ್ತಾನೆ.

ಗಂಟು ಭದ್ರವಾಗಿರುವಾಗ ಬಿಸಿ ಹೆಚ್ಚು ಕಾಡುವುದಿಲ್ಲ ಎಂಬುದಕ್ಕೂ ಸಾಕ್ಷಿ ಇದೆ. ಗೂಗಲ್ ಮತ್ತು ಟೊರಾಂಟೊ ವಿಶ್ವವಿದ್ಯಾಲಯದವರು 2009ರಲ್ಲಿ ಗೂಗಲ್‌ನ ಸರ್ವರುಗಳ ಮೆಮೊರಿ ದೋಷಗಳನ್ನು ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನ ಪ್ರಕಟಿಸಿದರು. ದೋಷಗಳು ಅವರ ನಿರೀಕ್ಷೆಗಿಂತ ಎಷ್ಟೋ ಹೆಚ್ಚಿದ್ದವು, ಆದರೆ ತಾಪದ ಪಾತ್ರ ಅಚ್ಚರಿಯಾಗುವಷ್ಟು ಚಿಕ್ಕದಿತ್ತು. ಕಾರ್ಖಾನೆಯ ಅಂಕಿಗಳಲ್ಲಿ ಓಡುತ್ತಿದ್ದ, ತಂಪು ಕೋಣೆಯ ಯಂತ್ರಗಳು ಅವು.

ತಾಂಬರಂನ ಮನೆ ಅಂಥ ಕೋಣೆಯಲ್ಲ. ಮೇ ಮಧ್ಯಾಹ್ನ ಎಸಿ ಇಲ್ಲದ ಕೋಣೆಯಲ್ಲಿ 36, 37 ಡಿಗ್ರಿ ಇರುವುದು ಸಾಮಾನ್ಯ. ಕ್ಯಾಬಿನೆಟ್ಟಿನ ಒಳಗೆ ಪ್ರೊಸೆಸರಿನ ಬಿಸಿಗಾಳಿ ಸ್ಟಿಕ್ಕುಗಳ ಮೇಲೇ ಹಾದುಹೋಗುತ್ತದೆ, 1.35 ವೋಲ್ಟಿನ ಸ್ಟಿಕ್ಕೇ ತನ್ನ ಪಾಲಿನದ್ದು ಸೇರಿಸುತ್ತದೆ. ಬೆಂಗಳೂರಿನ ಡಿಸೆಂಬರ್ ಸಂಜೆಯಲ್ಲಿ 40ರಲ್ಲಿರುವ ಸ್ಟಿಕ್ ಇಲ್ಲಿ 55 ದಾಟಿರುತ್ತದೆ. ಎಕ್ಸ್‌ಎಂಪಿ ಸಾಮಾನ್ಯವಾಗಿ ಇದನ್ನು ತಡೆದುಕೊಳ್ಳುತ್ತದೆ, ಮಾಡಿದವರು ಸ್ವಲ್ಪ ಉಳಿಕೆ ಬಿಟ್ಟೇ ಬರೆದಿರುತ್ತಾರೆ. ಅಪಾಯ ಇರುವುದು ಎಲ್ಲೋ ಚಳಿದೇಶದ ಹವ್ಯಾಸಿಯ ಅಂಕಿಗಳನ್ನು ಇಲ್ಲಿ ಹಾಗೇ ಬರೆಯುವುದರಲ್ಲಿ, ಅದರಲ್ಲೂ ರಿಫ್ರೆಶ್ ಅಂತರವನ್ನು ಹಿಗ್ಗಿಸುವುದರಲ್ಲಿ. ಕೆಲವು ಬಯಾಸುಗಳು 7.8 ಮೈಕ್ರೊಸೆಕೆಂಡನ್ನು ಹಲವು ಪಟ್ಟು ಏರಿಸಲು ಬಿಡುತ್ತವೆ. ಮೇಲೆ ಲೆಕ್ಕ ಹಾಕಿದ ನಾಲ್ಕೂವರೆ ಶೇಕಡಾದಲ್ಲಿ ಹೆಚ್ಚುಪಾಲು ಹೀಗೆ ಉಳಿಯುತ್ತದೆ, ಆಟ ನಯವಾಗುತ್ತದೆ, ಜನವರಿಯಲ್ಲಿ ಎಲ್ಲವೂ ಚೆನ್ನ. ಮೇ ಬಂದಾಗ ದುರ್ಬಲ ಕೋಶವೊಂದು ತನ್ನ ಸರದಿ ಬರುವ ಮುಂಚೆ ಖಾಲಿಯಾಗುತ್ತದೆ.

ಖಾಲಿಯಾದ ಆ ಒಂದು ಬಿಟ್ ಎಲ್ಲಿತ್ತೆಂಬುದರ ಮೇಲೆ ಮುಂದಿನದು. ಗೋಡೆಯ ಚಿತ್ರದಲ್ಲಿದ್ದರೆ ಒಂದು ಚುಕ್ಕೆಯ ಬಣ್ಣ ಬದಲಾದೀತು, ಯಾರ ಕಣ್ಣಿಗೂ ಬೀಳದು. ವಿಳಾಸದಲ್ಲಿದ್ದರೆ ಆಟ ಮುಚ್ಚಿಕೊಳ್ಳುತ್ತದೆ ಅಥವಾ ನೀಲಿ ಪರದೆ ಬರುತ್ತದೆ. ಡಿಸ್ಕಿಗೆ ಬರೆಯಲೆಂದು ಕಾದಿದ್ದ ಫೈಲಿನಲ್ಲಿದ್ದರೆ ಅಪ್ಪನ ಟ್ಯಾಕ್ಸ್ ಲೆಕ್ಕವೋ ಅಜ್ಜಿಯ ಫೋಟೊವೋ ಸದ್ದಿಲ್ಲದೆ ಕೆಡುತ್ತದೆ, ಗೊತ್ತಾಗುವುದು ಎಷ್ಟೋ ತಿಂಗಳ ಮೇಲೆ. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿನಲ್ಲಿ ಎಕ್ಸ್‌ಎಂಪಿಗಿಂತ ಮುಂದೆ ಹೋಗಬೇಡಿ ಎಂದು ನಾನು ಹೇಳುವುದು ಈ ಮೂರನೆಯದಕ್ಕಾಗಿ.

ಎಕ್ಸ್‌ಎಂಪಿ ಆರಿಸಿದ ಮೇಲೂ ಪರೀಕ್ಷೆ ಮಾಡಿಯೇ ನಂಬಬೇಕು. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಕಂಪ್ಯೂಟರನ್ನು ಎಬ್ಬಿಸಿದರೆ ಅದು ಪ್ರತಿ ಕೋಶಕ್ಕೂ ಬಗೆಬಗೆಯ ನಮೂನೆ ಬರೆದು ಓದಿ ನೋಡುತ್ತದೆ. ಉಚಿತ ಆವೃತ್ತಿ ನಾಲ್ಕು ಸುತ್ತು ಓಡಿಸುತ್ತದೆ. ಕೆಂಪು ಸಾಲು ಒಂದೇ ಒಂದು ಬಂದರೂ ವೇಗವನ್ನು ಒಂದು ಮೆಟ್ಟಿಲು ಇಳಿಸಿ. ರಾತ್ರಿ ಮಲಗುವಾಗ ಓಡಿಸಿಡಿ ಎನ್ನುವುದು ವಾಡಿಕೆಯ ಸಲಹೆ. ತಾಂಬರಂನಲ್ಲಿ ಮಧ್ಯಾಹ್ನ ಎರಡು ಗಂಟೆಗೆ, ಕಿಟಕಿ ತೆರೆದು, ಎಸಿ ಆರಿಸಿ ಓಡಿಸಿ. ಕ್ಯಾಬಿನೆಟ್ಟಿನ ಮುಂದುಗಡೆಯ ಜಾಲರಿಯ ಧೂಳನ್ನೂ ಕೊಡವಿ. ಕ್ಷಯರೋಗಿಗಳಿಗೆ ಒಳ್ಳೆಯ ಗಾಳಿ ಸಿಗಲೆಂದೇ ಡಾ. ಚೌರಿ ಮುತ್ತು 1928ರಲ್ಲಿ ಸ್ಯಾನಟೋರಿಯಂ ತೆರೆದ ಊರಿದು. ರೈಲು ನಿಲ್ದಾಣಕ್ಕೆ ಈಗಲೂ ಆ ಹೆಸರೇ. ಗೋಡೆಗೆ ಒತ್ತಿಟ್ಟ ಕ್ಯಾಬಿನೆಟ್ಟಿಗೆ ಮಾತ್ರ ಆ ಗಾಳಿ ತಲುಪುವುದಿಲ್ಲ.

ಕಾಯುವ ಹೊತ್ತನ್ನು ಇಳಿಸಲಾಗದಿದ್ದರೆ ಕಾಯುವ ಸಂದರ್ಭವನ್ನೇ ಕಡಿಮೆ ಮಾಡೋಣವೆಂದು ಚಿಪ್ ಮಾಡುವವರು ಬೇರೆ ದಾರಿ ಹಿಡಿದಿದ್ದಾರೆ. 2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಚಿಪ್ಪಿನ ಬೆನ್ನ ಮೇಲೆ ಇನ್ನೊಂದು ಕ್ಯಾಶೆ ಪದರ ಕೂರಿಸಿ ಎಲ್3 ಅನ್ನು 96 ಮೆಗಾಬೈಟಿಗೆ ಏರಿಸಿದರು. ನಮ್ಮ 5600ಜಿಯಲ್ಲಿ ಅದು 16. ಗಡಿಯಾರದ ವೇಗ ತನ್ನ ಅಣ್ಣ 5800ಎಕ್ಸ್‌ಗಿಂತ ಕಡಿಮೆಯಿದ್ದರೂ ಗೇಮುಗಳಲ್ಲಿ ಅದು ಮುಂದೆ ಓಡಿತು. ಅದರಲ್ಲಿ ರ‍್ಯಾಮ್ ಸೆಟ್ಟಿಂಗ್ ಬದಲಿಸಿದರೆ ಆಗುವ ವ್ಯತ್ಯಾಸವೂ ಕಡಿಮೆ.

ಸೇಲೈಯೂರಿನ ಹುಡುಗನಿಗೆ ಗ್ರಾಫಿಕ್ಸ್ ಕಾರ್ಡ್ ಬೇಡ, ಅದೇ ಬಗೆಯ ಇನ್ನೊಂದು ಸ್ಟಿಕ್ ಸಾಕು ಎಂದೆ. ಹೇಳುವುದು ಸುಲಭ. ಎಐ ಸರ್ವರುಗಳ ಹಸಿವಿಗೆ 2025ರ ಕೊನೆಯಲ್ಲಿ ಡಿರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಮೈಕ್ರಾನ್ ಕಂಪನಿ ಮನೆಬಳಕೆಯ ಕ್ರೂಷಿಯಲ್ ಬ್ರಾಂಡನ್ನೇ ನಿಲ್ಲಿಸುತ್ತೇನೆಂದು ಆ ಡಿಸೆಂಬರಿನಲ್ಲಿ ಘೋಷಿಸಿತು. ಆದ್ದರಿಂದ ಚೆನ್ನೈಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ರಿಚ್ಚಿ ಸ್ಟ್ರೀಟಿನಲ್ಲಿ ಸೆಕೆಂಡ್ ಹ್ಯಾಂಡ್ ಸ್ಟಿಕ್ ಹುಡುಕುವುದೂ ತಪ್ಪಲ್ಲ, ಮೂರು ವಿಷಯ ನೆನಪಿದ್ದರೆ. ಇರುವ ಸ್ಟಿಕ್ಕನ್ನು ಕಳಚಿ ಜೊತೆಗೆ ಒಯ್ಯಿರಿ, ಅಂಟಿಸಿದ ಚೀಟಿಯ ಸಾಲನ್ನು ಅಕ್ಷರ ಅಕ್ಷರ ಹೋಲಿಸಿ. ಎರಡರ ಅಂಕಿ ಬೇರೆಯಾದರೆ ಜೋಡಿ ನಡೆಯುವುದು ನಿಧಾನದ್ದರ ವೇಗದಲ್ಲಿ, ಕೆಲವೊಮ್ಮೆ ಎಕ್ಸ್‌ಎಂಪಿ ಒಪ್ಪದೆಯೂ ಹೋದೀತು. ಹೊಂದದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಮೊದಲೇ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.